ಕಾರು ಮಾರುವ ಮುಂಚೆ ಹೊಸ ಟೈರ್ ಬೇಕಾ?

ವ್ಯಾಗನ್‌ಆರ್ ಕೊಡುವ ಮುಂಚೆ ನಾಲ್ಕೂ ಟೈರ್ ಹೊಸದು ಹಾಕಿಸಲಾ ಅಂತ ಕೇಳಿದ್ದೀರಿ. ಎಕ್ಸ್‌ಚೇಂಜ್ ಆದರೆ ಬೇಡ ಸರ್. ಹಾಕಿದ ದುಡ್ಡು ವಾಪಸ್ ಬರೋದು ಕಷ್ಟ. ನಾನು ಹಳೇ ಕಾರಿಗೆ ಸುಮ್ನೆ ಹಾಕಿಸಿ ಕೈ ಸುಟ್ಟುಕೊಂಡೆ. ಷೋರೂಮಿನವನು ಟೈರ್ ಕಡೆ ತಿರುಗಿಯೂ ನೋಡಲಿಲ್ಲ!

ನೇರವಾಗಿ ಮಾರುವುದಾದರೆ ಮಾತು ಬೇರೆ. ಕೊಳ್ಳುವವರು ಬಗ್ಗಿ ನೋಡೇ ನೋಡುತ್ತಾರೆ, ಅಲ್ವಾ? ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬು ಇರುತ್ತದೆ. ಅದರ ಮಟ್ಟಕ್ಕೇ ಸವೆದಿದ್ದರೆ ಉಳಿದಿರುವುದು ಬರೀ 1.6 ಮಿ.ಮೀ. ಮಳೆಯಲ್ಲಿ ಅಂಥ ಗಾಡಿಯನ್ನು ಟೆಸ್ಟ್ ಡ್ರೈವ್‌ಗೂ ಕೊಡಬೇಡಿ. ಸವೆದದ್ದನ್ನಷ್ಟೇ ಬದಲಾಯಿಸಿ, ಇಲ್ಲಾಂದ್ರೆ ವಿಷಯ ಹೇಳಿಯೇ ರೇಟು ಇಳಿಸಿ. ಅಗ್ಗ ಅಂತ ಹಳೇ ಸ್ಟಾಕ್ ಮಾತ್ರ ತರಬೇಡಿ. ಟೈರಿನ ಪಕ್ಕದಲ್ಲಿ 2319 ಅಂತಿದ್ದರೆ ಅದು 2019ರ 23ನೇ ವಾರದ ಮಾಲು.