ಹಳೇ ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡ್: ಹುಣಸೆಹಣ್ಣು ಹಚ್ಚುವ ಮುಂಚೆ

ಅಕ್ಕಾ, ಹುಬ್ಬಳ್ಳಿ ದುರ್ಗದಬೈಲ್ ಕಡೆ ಗುಜರಿ ಅಂಗಡಿಯಲ್ಲಿ ಸಿಕ್ಕ ಜೋಡಿ ಸ್ಟ್ಯಾಂಡ್‌ಗಳ ಫೋಟೋ ನೋಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ದೇವರ ಸಾಮಾನಿಗೆ ಅದು ಸರಿ. ಆದರೆ ಇಂಥ ಸ್ಟ್ಯಾಂಡ್ ಸಂಗ್ರಹಿಸುವವರಲ್ಲಿ ಎಷ್ಟೋ ಜನ ಹಿತ್ತಾಳೆ ಹಳೇದಾದಂತೆ ಬರುವ ಕಂದು ಬಣ್ಣಕ್ಕೇ ಜಾಸ್ತಿ ಬೆಲೆ ಕೊಡುತ್ತಾರೆ. ತಿಕ್ಕಿ ತೆಗೆದರೆ ಮತ್ತೆ ಬರಲು ವರ್ಷಗಟ್ಟಲೆ ಬೇಕು.

ಮೊದಲು ತಿರುಗಿಸಿ ತಳ ನೋಡಿ. ಫೋಟೋದಲ್ಲಿ ಕಂಡಂತೆ ಹೂಬಳ್ಳಿ ಕೆತ್ತನೆ ಇಲ್ಲ, ಸಣ್ಣ ಕಂಬ, ಬತ್ತಿ ಕೂರಿಸಲು ಸಾದಾ ಬಟ್ಟಲು. 1950-60ರ ಡೆನ್ಮಾರ್ಕ್, ಸ್ವೀಡನ್ ಕಡೆಯ ರೂಪ ಇದು. ತಳದಲ್ಲಿ ‘ಡಾನ್ಸ್ಕ್ ಡಿಸೈನ್ಸ್’ ಅನ್ನೋ ಕಂಪನಿ ಹೆಸರಿನ ಜೊತೆ ‘ಐಎಚ್‌ಕ್ಯೂ’ (IHQ) ಅಂತಿದ್ದರೆ ಡೆನ್ಮಾರ್ಕ್‌ನ ವಿನ್ಯಾಸಕಾರ ಯೆನ್ಸ್ ಕ್ವಿಸ್ಟ್‌ಗಾರ್ಡ್ ಅವರ ವಿನ್ಯಾಸ. ‘ಸ್ಕುಲ್ಟುನಾ’ (Skultuna) ಅಂತಿದ್ದರೆ 1607ರಿಂದ ಹಿತ್ತಾಳೆ ಕೆಲಸ ಮಾಡುವ ಸ್ವೀಡನ್ ಕಂಪನಿಯದು. ‘ಮೇಡ್ ಇನ್ ಇಂಡಿಯಾ’ ಅಂತಿದ್ದರೂ ಬೇಜಾರಾಗಬೇಡಿ. ಹಿತ್ತಾಳೆ ಸಾಮಾನಿಗೆ ಹೆಸರಾದ ಉತ್ತರ ಪ್ರದೇಶದ ಮೊರಾದಾಬಾದ್‌ನವರು ಹೊರದೇಶಕ್ಕೆ ಕಳಿಸಿದ್ದರಲ್ಲೂ ಗಟ್ಟಿ ಎರಕದ ಒಳ್ಳೇ ಮಾಲು ಇದೆ. ತಳಕ್ಕೆ ಬಟ್ಟೆ ಅಂಟಿಸಿದ್ದರೆ ಗುರುತು ಅದರಡಿ ಇರಬಹುದು, ಕಿತ್ತು ಹರಿಯಬೇಡಿ.

ಆಮೇಲೆ ಮ್ಯಾಗ್ನೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಕೋಟಿಂಗ್.

ನಿಮ್ಮ ಎರಡನೇ ಫೋಟೋದಲ್ಲಿ ಬಟ್ಟಲಿನ ಅಂಚು ಫಳಫಳ ಇದೆ, ಪಕ್ಕದಲ್ಲೇ ಜೇಡರಬಲೆಯಂಥ ಕಪ್ಪು ಗೆರೆಗಳಿವೆ ಅಲ್ವಾ? ಅಲ್ಲಿ ಲ್ಯಾಕರ್, ಅಂದರೆ ಹೊಳಪು ಮಾಸದಂತೆ ಬಳಿಯುವ ತೆಳು ಪಾರದರ್ಶಕ ಲೇಪ, ಬಳಿದು, ಅದು ಬಿರುಕು ಬಿಟ್ಟಂತೆ ಕಾಣುತ್ತದೆ. ಅದರ ಮೇಲೆ ಹುಣಸೆ ಹಚ್ಚಿದರೆ ಬಿರುಕಿನಲ್ಲಷ್ಟೇ ಇಳಿದು ಮಚ್ಚೆ ಮಚ್ಚೆ ಆಗುತ್ತದೆ. ಲ್ಯಾಕರ್ ಪೂರ್ತಿ ತೆಗೆಯಬೇಕು, ಇಲ್ಲಾ ಮುಟ್ಟದೆ ಬಿಡಬೇಕು. ನಾನಾದರೆ ಬಿಡುತ್ತೇನೆ.

ಹಸಿರು ಕಿಲುಬು ಮಾತ್ರ ಬಿಡಬೇಡಿ, ಅದು ಲೋಹವನ್ನು ತಿನ್ನುತ್ತದೆ. ಲಿಂಬೆರಸಕ್ಕೆ ಚಿಟಿಕೆ ಉಪ್ಪು ಹಾಕಿ, ಹತ್ತಿ ಸುತ್ತಿದ ಕಡ್ಡಿಯಿಂದ ಅಷ್ಟೇ ಜಾಗಕ್ಕೆ ಮುಟ್ಟಿಸಿ. ಕೂಡಲೇ ತೊಳೆದು ಒರೆಸಿ. ಹುಳಿ ಹಾಗೇ ಕೂತರೆ ಹಿತ್ತಾಳೆಯಲ್ಲಿನ ಸತು ಹೋಗಿ ತಾಮ್ರದ ಕೆಂಪು ಕಾಣುತ್ತದೆ.

ಹಳೇ ಮೇಣಕ್ಕೆ ಚಾಕು ಹಾಕಲೇಬೇಡಿ. ಬಟ್ಟಲನ್ನಷ್ಟೇ ಬಿಸಿನೀರಿನಲ್ಲಿ ಅದ್ದಿ. ಕರಗಿದ ಮೇಣ ತೇಲಿ, ಆರಿದ ಮೇಲೆ ಕೆನೆಯಂತೆ ಎತ್ತಬಹುದು. ಆ ನೀರು ಸಿಂಕಿಗೆ ಸುರಿದರೆ ಪೈಪ್ ಕಟ್ಟುತ್ತದೆ.

ನಮ್ಮ ಕಿರಾಣಿ ಅಂಗಡಿಯ ಮೇಣದಬತ್ತಿ ಆ ಬಟ್ಟಲಿಗೆ ಸಡಿಲ ಆಗಬಹುದು. ಕಾಗದ ತುರುಕಬೇಡಿ, ಬೆಂಕಿ ಹತ್ತುತ್ತದೆ. ಮೇಣದಬತ್ತಿಯ ಬುಡ ಸ್ವಲ್ಪ ಕರಗಿಸಿ ನೆಟ್ಟಗೆ ಕೂರಿಸಿ, ಗಟ್ಟಿಯಾಗುವವರೆಗೆ ಹಿಡಿದುಕೊಳ್ಳಿ.

ತಳದ ಫೋಟೋ ಹಗಲು ಬೆಳಕಿನಲ್ಲಿ, ಓರೆಯಾಗಿ ಹಿಡಿದು ತೆಗೆದು ಹಾಕಿ. ಸವೆದ ಅಕ್ಷರ ಹಾಗೆ ಹಿಡಿದಾಗಲೇ ಓದಲು ಬರುತ್ತದೆ.