ಡೆಬಿಯನ್ ಹಾಕಿದರೆ ನುಡಿ ಟೈಪಿಂಗ್ ಗತಿ ಏನು?

ಪ್ರಶ್ನೆ: ಮಂಡ್ಯದಲ್ಲಿ ಚಿಕ್ಕ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಇವೇ ಕೆಲಸ. ಕಂಪ್ಯೂಟರ್ ಹಳೆಯದು, 4 ಜಿಬಿ ರ‍್ಯಾಮ್. ವಿಂಡೋಸ್ 11 ಹಾಕಲು ಆಗುವುದಿಲ್ಲವಂತೆ. ಡೆಬಿಯನ್ ಹಾಕೋಣ, ದುಡ್ಡಿಲ್ಲದೆ ಸಿಗುತ್ತದೆ ಎನ್ನುತ್ತಾನೆ ಮಗ. ಪುಕ್ಕಟೆ ಕೊಡುವವರನ್ನು ನಂಬಬಹುದಾ? ನನ್ನ ನುಡಿ ಟೈಪಿಂಗ್ ಕಥೆ ಏನು?

ಉತ್ತರ: ನಂಬಬಹುದು. ಡೆಬಿಯನ್ ಎಂದರೆ ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಒಂದು ಲಿನಕ್ಸ್ ವ್ಯವಸ್ಥೆ. ಡೆಬಿಯನ್‌ಗೆ ಯಜಮಾನ ಕಂಪನಿ ಅಂತ ಇಲ್ಲ. 1993ರಲ್ಲಿ ಇಯಾನ್ ಮುರ್ಡಾಕ್ ಶುರು ಮಾಡಿದರು. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರು ಅಂಟಿಸಿ ‘ಡೆಬಿಯನ್’ ಎಂದರು. ಈಗಲೂ ಸ್ವಯಂಸೇವಕರೇ ನಡೆಸುತ್ತಾರೆ, ನಾಯಕನನ್ನು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಗೆ ಒಟ್ಟು 5 ವರ್ಷ ಭದ್ರತಾ ಅಪ್‌ಡೇಟ್ ಇದೆ. ನಿಮ್ಮ ಯಂತ್ರ 64 ಬಿಟ್‌ನದಾ ನೋಡಿಕೊಳ್ಳಿ, 32 ಬಿಟ್ ಆದರೆ 13 ಹಾಕಲು ಬರುವುದಿಲ್ಲ.

ನುಡಿ ತಂತ್ರಾಂಶ ವಿಂಡೋಸ್‌ನದು, ಅದನ್ನು ಮರೆತುಬಿಡಿ. ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ಮಾತ್ರ ಡೆಬಿಯನ್‌ನಲ್ಲೇ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ, ಅದರಲ್ಲಿ ಕಗಪ (ನುಡಿಯ ಕೀಲಿಮಣೆಯ ಹೆಸರೇ ಇದು) ಆರಿಸಿ. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಒತ್ತಕ್ಷರಕ್ಕೆ ಅದೇ ಹಳೇ ಎಫ್!

ತಲೆನೋವು ಇರುವುದು ಹಳೇ ಫೈಲುಗಳಲ್ಲಿ. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಪತ್ರಿಕೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಕಡೆ ತೆರೆದರೆ ‘ಚಿ|| ಸೌ||’ ಇದ್ದ ಜಾಗದಲ್ಲಿ ಏನೇನೋ ಗೀಚು ಕಾಣುತ್ತದೆ. ವಿಂಡೋಸ್ ಇರುವಾಗಲೇ ಬೇಕಾದ ಫೈಲುಗಳನ್ನು, ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಅರ್ಕಾವತ್ತು, ಅಂಕಿಗಳನ್ನು ಕಣ್ಣಾರೆ ನೋಡಿ. ಮುಹೂರ್ತದ ಗಂಟೆ ತಪ್ಪಿದರೆ ಬೈಗುಳ ನಿಮಗೇ ಅಲ್ವಾ?

ಕೋರೆಲ್‌ಡ್ರಾ, ಪೇಜ್‌ಮೇಕರ್ ಇಲ್ಲಿ ಸಲೀಸಾಗಿ ಓಡುವುದಿಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂಬ ತಂತ್ರಾಂಶಗಳನ್ನು ಅವುಗಳ ಬದಲಿಗೆ ಕಲಿಯಬೇಕು. ದಿನವೂ ಕೋರೆಲ್ ಫೈಲನ್ನೇ ಪ್ರೆಸ್‌ಗೆ ಕಳಿಸುವವರಾದರೆ ಅಂಗಡಿಯ ಯಂತ್ರಕ್ಕೆ ಡೆಬಿಯನ್ ಬೇಡ ಎನ್ನುತ್ತೇನೆ. ಅರ್ಜಿ, ಕರಾರೇ ಜಾಸ್ತಿ ಎಂದರೆ ವರ್ಡ್ ತರಹದ ಲಿಬ್ರೆ ಆಫೀಸ್ ಸಾಕು.

ಮೊದಲು 8 ಜಿಬಿ ಪೆನ್‌ಡ್ರೈವ್‌ಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಲೈವ್ ಡೆಬಿಯನ್ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಿ. ಡಿಸ್ಕ್ ಮುಟ್ಟುವುದಿಲ್ಲ. ಪ್ರಿಂಟರ್, ವೈಫೈ ಕೇಳುತ್ತವಾ ಗೊತ್ತಾಗುತ್ತದೆ. ಇಷ್ಟವಾದರೆ ಇನ್‌ಸ್ಟಾಲ್. ಆಗ ‘ಇಡೀ ಡಿಸ್ಕ್ ಬಳಸು’ ಎಂಬ ಸಾಲು ಬಂದಾಗ ಕೈ ತಡೆಯಿರಿ. ಮೈಸೂರಿನ ನಮ್ಮ ಮನೆಯಲ್ಲಿ ಅದನ್ನು ಓದದೆ ಒತ್ತಿ ಹತ್ತು ವರ್ಷದ ಫೋಟೋ ಕಳೆದುಕೊಂಡವನು ನಾನು. ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ.

ಇದನ್ನೆಲ್ಲ ಆಷಾಢದಲ್ಲಿ ಇಟ್ಟುಕೊಳ್ಳಿ. ಆಗ ಲಗ್ನಪತ್ರಿಕೆ ಕೇಳಿಕೊಂಡು ಯಾರೂ ಬರುವುದಿಲ್ಲ.