ಮಣ್ಣಿನ ಇಟ್ಟಿಗೆಯ ಮನೆ ಬಾಳಿಕೆ ಬರುತ್ತದೆಯೇ?

ಪ್ರಶ್ನೆ: ನಮ್ಮದು 30×40 ಅಡಿಯ ನಿವೇಶನ. ಕೈಯಲ್ಲಿರುವ ಹಣ ಕಡಿಮೆ. ಮಣ್ಣಿನ ಇಟ್ಟಿಗೆಯಿಂದ ಕಟ್ಟಿದರೆ ಮನೆ ತಂಪಾಗಿರುತ್ತದೆ ಎನ್ನುತ್ತಾರೆ, ಮಳೆಗೆ ಕರಗುವುದಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಕೇಳಿರುವುದು ಹಳೆಯ ಹಸಿ ಇಟ್ಟಿಗೆಯಲ್ಲ, ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಎಂದು ಭಾವಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸಲು 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇದನ್ನು ನಮ್ಮ ಮಣ್ಣಿಗೆ ಒಗ್ಗುವಂತೆ ಬೆಳೆಸಿತು. ಇದನ್ನು ಸುಡಬೇಕಾಗಿಲ್ಲವಾದ್ದರಿಂದ ಸೌದೆ, ಕಲ್ಲಿದ್ದಲು ಉಳಿಯುತ್ತವೆ. ಆದರೆ ಮೂರ್ನಾಲ್ಕು ವಾರ ನೀರುಣಿಸಿ ಹದಗೊಳಿಸುವುದನ್ನು ತಪ್ಪಿಸಿದರೆ ಇಟ್ಟಿಗೆ ಖಂಡಿತ ಕೆಡುತ್ತದೆ, ದೂರು ಬರುವುದು ಹೆಚ್ಚಾಗಿ ಇಲ್ಲಿಯೇ. ಮರಳಿನಂಶವಿರುವ ಕೆಮ್ಮಣ್ಣು ಉತ್ತಮ. ಎರೆಮಣ್ಣನ್ನು ಹಾಗೆಯೇ ಬಳಸಬೇಡಿ. ಕಲ್ಲಿನ ತಳಪಾಯವನ್ನು ನೆಲಮಟ್ಟದಿಂದ ಒಂದೂವರೆ ಅಡಿ ಎತ್ತರಿಸಿ, ಸೂರನ್ನು ಎರಡಡಿ ಹೊರಚಾಚಿದರೆ ಮಳೆಯ ಭಯವಿರುವುದಿಲ್ಲ.

ಆದರೆ ಗೋಡೆಯೊಂದರಿಂದಲೇ ಮನೆ ತಂಪಾಗದು. ಒಂದಂತಸ್ತಿನ ಮನೆಗೆ ಬಿಸಿಲು ಇಳಿಯುವುದು ಮುಖ್ಯವಾಗಿ ತಾರಸಿಯಿಂದ. ಕಾಂಕ್ರೀಟಿನ ಕೆಳಭಾಗವು ಭಾರ ಹೊರುವುದರಲ್ಲಿ ಹೆಚ್ಚು ನೆರವಾಗದ ಕಾರಣ, ಕಂಬಿಗಳ ನಡುವೆ ಮಂಗಳೂರು ಹೆಂಚುಗಳನ್ನು ಹುದುಗಿಸಿ ತಾರಸಿ ಹಾಕಿಸಬಹುದು. ಸಿಮೆಂಟ್ ಉಳಿಯುತ್ತದೆ, ಹೆಂಚಿನೊಳಗಿನ ಗಾಳಿ ಶಾಖವನ್ನೂ ತಡೆಯುತ್ತದೆ. ಕಂಬಿಯ ಲೆಕ್ಕವನ್ನು ಮಾತ್ರ ಎಂಜಿನಿಯರರಿಂದಲೇ ಮಾಡಿಸಿ, ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ಮೇಲೆ ಸುಣ್ಣ ಬಳಿಯಿರಿ. ಪಶ್ಚಿಮಕ್ಕೆ ದೊಡ್ಡ ಕಿಟಕಿಯ ಬದಲು ಬಚ್ಚಲು, ಉಗ್ರಾಣಗಳನ್ನಿಡಿ.